ಮುಚ್ಚಳ ತಿರುಗಿಸುವ ಕೈ

ನೆರೆಮನೆಯ ಜೇಗೋನ ಗ್ರೈಂಡರ್ ಉಕ್ಕಿನ ಪೀಪಾಯಿಯ ನೆತ್ತಿ ಕೊರೆಯುತ್ತಿತ್ತು. ಕೆರಿನ್ ಶೆಡ್ಡಿನೊಳಗೆ ಬಂದು ಗೋಡೆಯಿಂದ ಗ್ರೈಂಡರಿನ ಪ್ಲಗ್ ಕಿತ್ತಳು.

ಕಿಡಿಗಳು ನಿಂತವು. ಅವನು ಮುಖಗವಸು ಮೇಲೆತ್ತಿದ.

"ಅದು ನಮ್ಮಪ್ಪನ ಫ್ರಿಜ್ ಅಲ್ವಾ?"

"ಹೌದು. ಬೇಕಾದ್ದೆಲ್ಲ ತಗೊಂಡ್ಹೋಗು ಅಂದ್ರು ನಿಮ್ಮಣ್ಣ."

"ಹೆಣ ಕಂಡ ಹದ್ದಿನ ಹಾಗೆ ಬಂದುಬಿಟ್ರಾ?"

"ಹದ್ದು ಫ್ರಿಜ್ ಹೊರೋದಿಲ್ಲ. ನನ್ನ ಸೊಂಟ ಹಿಡ್ಕೊಂಡಿದೆ."

ಅವಳು ನಗಲಿಲ್ಲ. "ಫ್ರಿಜ್ ಇಟ್ಕೊಳ್ಳಿ. ಅಪ್ಪನ ಕ್ಯಾನ್ ಎಲ್ಲಿ?"

ನೀರಿಗೆ ಬರವಿರುವ ಬ್ರೋಕನ್ ಹಿಲ್‌ನಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಕುದಿಸಿದ ಮಾಲ್ಟ್ ರಸವನ್ನು ಆರಿಸಲು ನೀರು ದಂಡ ಮಾಡುವುದಿಲ್ಲ. ಸುಡುವ ರಸವನ್ನೇ ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ಸುರಿದು, ಗಾಳಿ ಹೊರಹೋಗುವಂತೆ ಅದುಮಿ, ಮುಚ್ಚಳ ಬಿಗಿಯುತ್ತಾರೆ. ಹುಳಿ ಬರಿಸುವ ಯೀಸ್ಟ್ ಹಾಕುವವರೆಗೆ ಅದು ತಿಂಗಳುಗಟ್ಟಲೆ ಕಾಯುತ್ತದೆ. ಸಾಯುವ ಮುನ್ನ ಅಪ್ಪ ಕೊನೆಯದಾಗಿ ತುಂಬಿಟ್ಟ ಕ್ಯಾನಿಗಾಗಿಯೇ ಕೆರಿನ್ ಅಡಿಲೇಡಿನಿಂದ ಬಂದಿದ್ದಳು. ಅದರಿಂದ ಬಿಯರ್ ಮಾಡಿ ಒಂದು ಲೋಟ ಕುಡಿಯಬೇಕು… ಅವನ ಕೈಯದು ಎಂದು ಉಳಿದಿರುವುದು ಅದೊಂದೇ.

"ಅದನ್ನ ಕೊಡೋಕಾಗಲ್ಲ," ಅಂದ ಜೇಗೋ.

"ಕುಡಿದು ಮುಗಿಸಿದ್ರಾ?"

ಅವನು ಮುಖಗವಸು ತೆಗೆದು ಕೆಳಗಿಟ್ಟ.

"ಚೆಲ್ಲಿದ್ರಾ? ಬಾಯಿ ಬಿಡಿ. ಕಳ್ಳರಿಗೂ ಬಾಯಿ ಇರುತ್ತೆ."

ಅವನು ತಲೆ ತಗ್ಗಿಸಿ ಅರದಿಂದ ಪೀಪಾಯಿಯ ಅಂಚು ಉಜ್ಜತೊಡಗಿದ.

ಹೊರಡಲು ತಿರುಗಿದವಳ ಕಣ್ಣು ಫ್ರಿಜ್ಜಿನ ಮೇಲೆ ಬಿತ್ತು. ಬಾಗಿಲ ಸಂದಿಯಲ್ಲಿ ಮಂದ ಬೆಳಕು. ಹುಳಿಯುವ ರಸ ಬೆಚ್ಚಗಿರಲೆಂದು ಹಳೆ ಫ್ರಿಜ್ಜಿನಲ್ಲಿ, ಹಣ್ಣಿನ ಖಾಲಿ ತಗಡು ಡಬ್ಬಿಯೊಳಗೆ ಬಲ್ಬು ಕೂರಿಸುವುದು ಅಪ್ಪನ ಉಪಾಯ. ಒಳಗೇನೋ ಹುಳಿಯುತ್ತಿದ್ದರೆ ಮಾತ್ರ ಅದು ಉರಿಯಬೇಕು!

"ತೆಗೀಬೇಡಿ," ಅಂದ ಜೇಗೋ.

ತೆಗೆದಳು. ಅಪ್ಪನ ಕ್ಯಾನು ಅಲ್ಲೇ ಇತ್ತು, ಹೊಟ್ಟೆ ಉಬ್ಬಿಸಿಕೊಂಡು. ಅನಿಲ ಹೊರಹೋಗಲೆಂದು ಮುಚ್ಚಳ ಸಡಿಲಿಸಿ, ಮೇಲೆ ಶುಭ್ರ ಬಟ್ಟೆ ಕಟ್ಟಲಾಗಿತ್ತು.

ಅವಳಿಗೆ ಯಾರೂ ವಿವರಿಸಬೇಕಿರಲಿಲ್ಲ. ಮುಚ್ಚುವಾಗ ಒಳಗೆ ಗಾಳಿ ಉಳಿದು, ರಸ ತಾನಾಗಿ ಹುಳಿದು ಕೆಟ್ಟಿದೆ. ಕ್ಯಾನು ಮುಚ್ಚುವುದು ಇಬ್ಬರ ಕೆಲಸ. ಒಬ್ಬರು ಮೊಣಕಾಲಿನಿಂದ ಅದುಮಬೇಕು, ಇನ್ನೊಬ್ಬರು ಮುಚ್ಚಳ ತಿರುಗಿಸಬೇಕು. ಚಿಕ್ಕಂದಿನಿಂದ ಮುಚ್ಚಳ ಅವಳ ಪಾಲು. 'ನಿನಗೆ ಮಗಳಿಗಿಂತ ಪಾತ್ರೆಗಳೇ ಹೆಚ್ಚು' ಎಂದು ಅಪ್ಪನೊಡನೆ ಜಗಳವಾಡಿ ಊರು ಬಿಟ್ಟವಳೂ ಅವಳೇ.

"ಅಪ್ಪ ಒಬ್ಬನೇ ಮುಚ್ಚಿದಾನೆ…" ಅವಳು ಸಡಿಲ ಮುಚ್ಚಳ ಮುಟ್ಟಿದಳು. "ನೀವು ಪಕ್ಕದಲ್ಲೇ ಇದ್ರಲ್ಲ?"

"ನಾನು ತಿರುಗಿಸ್ತೀನಿ ಅಂದೆ. 'ಅದು ಕೆರಿನ್ ಕೆಲಸ, ಕೈ ಹಾಕಬೇಡ' ಅಂದ್ರು."

"ಇದನ್ನ ಮೊದಲೇ ಹೇಳೋಕೇನಾಗಿತ್ತು?"

"ನಿಮ್ಮ ಕೈ ಇಲ್ಲದೆ ಕೆಟ್ಟಿತು ಅನ್ನೋದಕ್ಕಿಂತ, ಕಳ್ಳ ಅನ್ನಿಸ್ಕೊಳ್ಳೋದು ಸುಲಭ ಅನ್ನಿಸ್ತು."

ಅವಳು ಫ್ರಿಜ್ಜಿನ ಮುಂದೆ ಕೂತಳು. ಅವನು ಎರಡು ಜಾಮ್ ಬಾಟಲಿ ತೊಳೆದು ತಂದು, ಅಷ್ಟಷ್ಟು ಬಗ್ಗಿಸಿದ.

ಒಂದೇ ಗುಟುಕಿಗೆ ಅವಳ ಮುಖ ಕಿವುಚಿಕೊಂಡಿತು. "ಶುದ್ಧ ವಿನೆಗರ್."

"ಹೂಂ. ಚೆಲ್ಲೋಕೆ ಮನಸ್ಸಾಗಲಿಲ್ಲ, ಅದಾದ್ರೂ ಆಗಲಿ ಅಂತ ಬೆಚ್ಚಗಿಟ್ಟೆ."

"ಇನ್ನೊಂಚೂರು ಹಾಕು."

ಆ ಏಕವಚನಕ್ಕೆ ಬಗ್ಗಿಸುತ್ತಿದ್ದ ಅವನ ಕೈ ನಿಂತಿತು. "ಪ್ರತಿ ಶನಿವಾರ ನಿನ್ನದೇ ಮಾತು ಅವರಿಗೆ. ಕೇಳಿ ಕೇಳಿ… ನಾನೂ ನಿನ್ನ ದಾರಿ ಕಾಯೋ ಹಾಗಾಯ್ತು."

"ನೋಡದೇನೇ?"

"ನೋಡೋ ಹೊತ್ತಿಗೆ ನೀನು ಪ್ಲಗ್ ಕಿತ್ತುಬಿಟ್ಟೆ."

ಅವಳು ಕಣ್ಣೊರೆಸಿಕೊಂಡು, ಎದ್ದು ಹೋಗಿ ಪ್ಲಗ್ ಸಿಕ್ಕಿಸಿದಳು.

ಮುಂದಿನ ಭಾನುವಾರ ಆ ಪೀಪಾಯಿಯಲ್ಲೇ ಮಾಲ್ಟ್ ರಸ ಕುದಿಯಿತು. ಹೊಸ ಕ್ಯಾನಿಗೆ ಸುರಿದಾಯಿತು. ಜೇಗೋ ಮೊಣಕಾಲೂರಿ ಅದುಮಿದ.

"ತಿರುಗಿಸು."

"ಗಾಳಿ ಇನ್ನೂ ಇದೆ. ಒತ್ತು."

"ಸೊಂಟ, ಕೆರಿನ್…"

"ಒತ್ತೋ ಹದ್ದೇ."

ರಸ ಬಾಯಿಯಂಚಿಗೆ ಏರಿತು. ಅವಳು ಮುಚ್ಚಳ ಬಿಗಿದಳು, ಅಪ್ಪ ಕಲಿಸಿದ ಹಾಗೆ.

"ಇದು ಎಲ್ಲಿವರೆಗೆ ಕಾಯುತ್ತೆ?"

"ನೀನು ಅಡಿಲೇಡಿಗೆ ಹೋಗಿ ಬರೋವರೆಗೂ."

"ಹೋಗಲ್ಲ ಅಂದ್ರೆ?"

ಅವನು ಅವಳ ಬಿಸಿ ಬೆರಳುಗಳ ಮೇಲೆ ಕೈಯಿಟ್ಟ.

"ಹಾಗಾದ್ರೆ ನಾಳೆನೇ ಯೀಸ್ಟ್ ಹಾಕೋಣ."