ಮುಟ್ಟಬಾರದ ಹಲ್ಲಿ

ಅವನು ಬಾಗಿಲು ತೆಗೆದು ಒಳಗೆ ಬಂದಾಗ ಅವಳು ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಮೊದಲ ಭೇಟಿಯೇ ಹೀಗಾಗಬೇಕೇ...!

ಪ್ರಯೋಗಾಲಯದಲ್ಲಿ ಪ್ರಾಣಿಗಳ ಚಿತ್ರ ಬರೆಯುವ ಕೆಲಸಕ್ಕೆ ಅವಳು ಸೇರಿದ್ದು ಅಂದೇ. ಗಾಜಿನ ಪೆಟ್ಟಿಗೆಯಲ್ಲಿದ್ದದ್ದು ಹೆಚ್ಚಿನವರು ಕಂಡೇ ಇರದ ಕಾಡುಹಲ್ಲಿ. ಹಿಡಿದರೆ ಸಾಕು, ಮೈಮೇಲಿನ ಹುರುಪೆಯನ್ನೆಲ್ಲ ಕಳಚಿ ಕೈಗೆ ಕೊಟ್ಟು ಓಡುತ್ತದೆ. ಹತ್ತಿಯಿಂದ ಮೆಲ್ಲಗೆ ದೂಡಬೇಕು, ಬೆರಳು ತಾಗಿಸಬಾರದು ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹೇಳಿಯೇ ಇದ್ದರು.

ಕಾಲ್ಬೆರಳು ಸರಿಯಾಗಿ ಕಾಣಲೆಂದು ಅವಳು ಮುಚ್ಚಳ ತೆಗೆದಳು. ಹಲ್ಲಿ ಮೇಜಿನ ಅಂಚಿಗೆ ಓಡಿತು. ಬಿದ್ದೀತೆಂದು ಗಬಕ್ಕನೆ ಹಿಡಿದಳು. ಗೋಡೆ ಹತ್ತುವ ಹಲ್ಲಿ ಮೇಜಿನಿಂದ ಬೀಳುತ್ತದಂತೆ, ಪುಣ್ಯಾತ್ಗಿತ್ತಿ!

ಗಡಬಡಿಸಿ ಪೆಟ್ಟಿಗೆಗೆ ಬಿಟ್ಟಾಗ ಅದರ ಮೈ ಸುಲಿದ ಕೋಳಿಯಂತಿತ್ತು. ಹುರುಪೆಯೆಲ್ಲ ಅವಳ ಬಲಗೈಗೆ ಅಂಟಿತ್ತು; ಅವನು ಒಳಗೆ ಬಂದದ್ದು ಆಗಲೇ. ಹೊಸ ಹುರುಪೆ ಬರಲು ವಾರಗಳೇ ಬೇಕು.

ಅದನ್ನು ನೋಡಿಕೊಳ್ಳುವವನು ಅವನೇ. ಪೆಟ್ಟಿಗೆ ಎತ್ತಿ ನೋಡುತ್ತಿದ್ದಂತೆ ಮೇಡಂ ಬಂದರು. ಬೈಗುಳವೆಲ್ಲ ಅವನ ತಲೆಗೇ ಬಂತು. ಇನ್ನು ಈ ಕೋಣೆಗೆ ಕಾಲಿಡಬೇಡ, ಕಾಡಿಗೆ ಹೋಗುವ ತಂಡದಲ್ಲೂ ನಿನಗೆ ಜಾಗವಿಲ್ಲ ಎಂದರು. ಅವನು ತಲೆ ತಗ್ಗಿಸಿದ.

'ಹೇಳೇ, ಈಗಲಾದರೂ ಹೇಳೇ...' ಅವಳ ಮನಸ್ಸು ಬಡಿದುಕೊಂಡಿತು. ಕೈ ಮಾತ್ರ ಬೆನ್ನ ಹಿಂದೆಯೇ ಉಳಿಯಿತು.

ಅವನು ಹಲ್ಲಿಗಳ ಆಹಾರಕ್ಕೆ ಹುಳು ಸಾಕುವ ಕೋಣೆಗೆ ಹೋದ. ಎದುರು ಸಿಕ್ಕಾಗ ಊಟವಾಯಿತೇ ಎಂದು ನಗುತ್ತಲೇ ಕೇಳುತ್ತಿದ್ದ. ಎಲ್ಲ ಗೊತ್ತಿದ್ದೂ ಅಣಕಿಸುತ್ತಿದ್ದಾನೆ ಎಂದುಕೊಂಡು ಅವಳು ಕುಗ್ಗಿಹೋಗುತ್ತಿದ್ದಳು. ಆದರೂ ಅವನ ಹೆಜ್ಜೆಯ ಸದ್ದಿಗೆ ಎದೆ ಯಾಕೆ ಹೊಡೆದುಕೊಳ್ಳಬೇಕು? ಥೂ, ನಾಚಿಕೆಗೆಟ್ಟ ಮನಸ್ಸೇ!

ತಂಡ ಹೊರಡುವ ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಎಲ್ಲರ ಎದುರೇ ಮೇಡಂಗೆ ನಡೆದದ್ದನ್ನು ಹೇಳಿಬಿಟ್ಟಳು. ಮೇಡಂ ಅವಳನ್ನು ದುರುಗುಟ್ಟಿ ನೋಡಿ, ಹೋಗಿ ಅವನಿಗೆ ನೀನೇ ಹೇಳು, ಬ್ಯಾಗ್ ತೆಗೆದುಕೊಂಡು ಬರಲಿ ಎಂದರು.

"ಹಲ್ಲೀನ ಹಿಡಿದಿದ್ದು ನಾನು," ಹುಳುಗಳ ಕೋಣೆಯಲ್ಲಿ ಅವಳು ನೆಲ ನೋಡುತ್ತ ಹೇಳಿದಳು. "ನಿಮಗೆ ಗೊತ್ತಿತ್ತು ಅಲ್ವಾ?"

"ಇಲ್ಲ..." ಅವನು ಕೈಯಲ್ಲಿದ್ದ ಹುಳುಗಳ ಡಬ್ಬಿ ಕೆಳಗಿಟ್ಟ. "ನಾನೇ ಮುಚ್ಚಳ ಸರಿಯಾಗಿ ಹಾಕಿಲ್ಲ, ಹಲ್ಲಿ ಅದರ ಸಂದಿಗೆ ಸಿಕ್ಕಿ ಹಾಗಾಯ್ತು ಅಂದ್ಕೊಂಡಿದ್ದೆ. ಇಷ್ಟು ದಿನ ನನ್ನನ್ನೇ ಶಪಿಸ್ಕೊಂಡೆ."

ಅಯ್ಯೋ... ಅವಳು ಕದ್ದದ್ದು ಅವನ ಜಾಗವನ್ನಷ್ಟೇ ಅಲ್ಲ, ನೆಮ್ಮದಿಯನ್ನೂ. ಭೂಮಿ ಬಾಯಿಬಿಡಬಾರದೇ ಎನಿಸಿತು.

"ಕೋಪ ಬಂದಿದೆ," ಅವನೆಂದ. "ಆದ್ರೂ ಕಾಡಿಂದ ಬಂದ ತಕ್ಷಣ ನಿಮ್ಮನ್ನೇ ನೋಡ್ಬೇಕು ಅನ್ಸುತ್ತೆ. ಏನ್ಮಾಡ್ಲಿ?"

"ಬೈಯೋಕಾದ್ರೂ ಬನ್ನಿ..."

"ಬೈಯೋಕೇ ಬರ್ತೀನಿ. ಮುಗಿಯೋ ತನಕ ಎದ್ದು ಹೋಗ್ಬಾರ್ದು. ಒಂದು ಜನ್ಮ ಹಿಡಿಯಬಹುದು."

"ಕೂತಿರ್ತೀನಿ," ಎಂದಳು. ಈ ಸಲ ಅವನ ಮುಖ ನೋಡಿಯೇ ಹೇಳಿದಳು.