ಹಿಂದುಳಿದ ಐದೂವರೆ ಗಂಟೆ

2024ರ ಅಕ್ಟೋಬರ್ 14, ಸೋಮವಾರ. ಬೆಳಿಗ್ಗೆ 10.05ಕ್ಕೆ ಹಿರಿಯೂರಿನ ಠಾಣೆಗೆ ಬಂದ ದೂರು ಒಂದೇ ಪುಟದ್ದು. ಊರಿನ ಜನಪದ ಧ್ವನಿಭಂಡಾರವೊಂದರ ಸಂಗ್ರಾಹಕಿ ರಮ್ಯಾ ಅದನ್ನು ಬರೆದಿದ್ದರು: ಹರಿಯಬ್ಬೆಯ ಪಾಲಮ್ಮ ಹಾಡಿದ ಹದಿನೆಂಟು ಹಾಡುಗಳ ಧ್ವನಿಮುದ್ರಣ ಕಂಪ್ಯೂಟರಿನಿಂದ ಕಾಣೆಯಾಗಿದೆ, ಬೇರೆ ಪ್ರತಿಯಿಲ್ಲ, ಹಾಡಿದಾಕೆ ಕಳೆದ ಮೇ ತಿಂಗಳಲ್ಲಿ ತೀರಿಕೊಂಡಿದ್ದಾರೆ.

ಇನ್ಸ್‌ಪೆಕ್ಟರ್ ಪ್ರಸನ್ನಕುಮಾರ್ ದೂರನ್ನು ಎರಡು ಸಲ ಓದಿದರು.

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ನನಗೊಬ್ಬಳಿಗೇ."

"ಬಾಗಿಲ ಕೀಲಿ?"

"ನನ್ನತ್ರ ಒಂದು, ಪಾಲಯ್ಯನತ್ರ ಒಂದು. ದನಿ ಶುದ್ಧ ಮಾಡೋರು ಅವ್ರೇ. ಪಾಲಮ್ಮನ ಮಗ. ಹೆತ್ತೋಳ ದನಿನ ಯಾವ ಮಗ ಅಳಿಸ್ತಾನೆ ಸಾರ್? ಈ ಶನಿವಾರ ಸಭೇಲಿ ಕೇಳಿಸ್ಬೇಕಿತ್ತು. ಕರೆಯೋಲೆ ಹಂಚಿ ಆಗೈತೆ."

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು.

ಧ್ವನಿಭಂಡಾರವೆಂದರೆ ಒಂದೇ ಕೋಣೆ. ಹೆಡ್ ಕಾನ್‌ಸ್ಟೆಬಲ್ ಅನುಸೂಯ ಪಂಚನಾಮೆಗೆ ಕುಳಿತರು. ಎದುರಿನ ಚಹಾದಂಗಡಿಯ ದುರುಗಣ್ಣ ಪಂಚರಲ್ಲೊಬ್ಬ. ರಮ್ಯಾ ಯಂತ್ರವನ್ನು ತೆರೆದು ತೋರಿಸಿದರು. ಡಿಸ್ಕಿನ ಒಂದು ಭಾಗಕ್ಕೆ ಹೆಸರಿರಲಿಲ್ಲ. ಅದನ್ನು ಒತ್ತಿದಾಗ, ಬಳಸಬೇಕಾದರೆ ಇರುವುದನ್ನೆಲ್ಲ ಒರೆಸಿ ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಬಂತು.

"ಅದು ಖಾಲಿ ಜಾಗ. ಯಾವಾಗ್ಲೂ ಹಿಂಗೇ ಕೇಳ್ತದೆ. ಫಾರ್ಮ್ಯಾಟ್ ಮಾಡ್ಬಿಟ್ರೆ, ಅಳಿಸಿದ್ದನ್ನ ಅಲ್ಲಿಗೆ ತಗೀಬೌದೇನೋ..." ರಮ್ಯಾರ ಬೆರಳು ಮೌಸಿನ ಮೇಲಿತ್ತು.

"ಕೈ ತಗೀರಿ ಮೇಡಂ," ಎಂದರು ಇನ್ಸ್‌ಪೆಕ್ಟರ್. "ಖಾಲಿ ಅಂತ ಹೇಳಿದ್ದು ಯಾರು? ಆ ಯಂತ್ರ ತಾನೇ?"

ಅನುಸೂಯ ವಾಡಿಕೆಯಂತೆ ಎರಡು ವೇಳೆಗಳನ್ನು ನಮೂದಿಸಿದರು: ತಮ್ಮ ಗಡಿಯಾರದಲ್ಲಿ 11.25, ಯಂತ್ರದಲ್ಲಿ 5.55.

"ನನ್ನ ಹೆಂಡ್ತಿಗಿಂತ ತಡವಾಗಿ ಏಳ್ತೈತಲ್ರಿ ಇದು," ಎಂದ ದುರುಗಣ್ಣ.

"ಸುಮ್ಕಿರ್ರಿ, ಆಮೇಲೆ ಸಹಿ ಮಾಡೀರಂತೆ," ಎಂದು ಅನುಸೂಯ ರಮ್ಯಾರ ಕಡೆ ತಿರುಗಿದರು. "ಮೊದ್ಲಿಂದ್ಲೂ ಹಿಂಗೇ ಹಿಂದೈತಾ?"

"ಇಲ್ಲ. ಶನಿವಾರ ಸಂಜೆ ಸರಿಯಿತ್ತು."

ಪ್ರಸನ್ನಕುಮಾರ್ ಡಿಸ್ಕನ್ನು ಮೊಹರು ಮಾಡಿ ಚಿತ್ರದುರ್ಗದ ಸೈಬರ್ ವಿಭಾಗಕ್ಕೆ ಒಯ್ದರು. ಮಧ್ಯಾಹ್ನ 3.40ಕ್ಕೆ ಅಲ್ಲಿನ ಕಾನ್‌ಸ್ಟೆಬಲ್ ನಿರಂಜನ್ ಅದರ ಪ್ರತಿ ತೆಗೆದು, ಏನೂ ಬರೆಯಲಾಗದ, ಬರಿಯ ಓದುವ ಕ್ರಮದಲ್ಲಿ ತೆರೆದ.

"ಇದ್ರಾಗೆ ಎರಡು ಸಂಸಾರ ಅದಾವೆ ಸಾರ್. ಒಂದು ವಿಂಡೋಸ್, ಇನ್ನೊಂದು ಲಿನಕ್ಸ್; ಯಾವುದ್ರಿಂದ ಬೇಕಾದ್ರೂ ಯಂತ್ರ ಶುರು ಮಾಡಬೌದು. ವಿಂಡೋಸ್‌ಗೆ ಲಿನಕ್ಸಿನ ಭಾಗ ಓದೋಕೆ ಬರಲ್ಲ, ಅದಕ್ಕೇ ಫಾರ್ಮ್ಯಾಟ್ ಮಾಡು ಅಂತದೆ. ಲಿನಕ್ಸ್ ಎರಡನ್ನೂ ಓದ್ತದೆ. ಅಲ್ಲಿಂದ ಹೊಕ್ಕರೆ ಆಯಮ್ಮನ ಪಾಸ್‌ವರ್ಡ್ ಬೇಕಾಗೇ ಇಲ್ಲ."

"ಗಡಿಯಾರ?"

"ವಿಂಡೋಸ್ ನಮ್ಮ ಊರ ಟೈಮನ್ನೇ ಯಂತ್ರದೊಳಗೆ ಇಡ್ತದೆ. ಲಿನಕ್ಸ್ ಗ್ರೀನಿಚ್ ಟೈಮ್ ಇಡ್ತದೆ, ಅದಕ್ಕೆ ಐದೂವರೆ ಗಂಟೆ ಕೂಡಿಸಿ ತೋರಿಸ್ತದೆ. ಲಿನಕ್ಸ್‌ನಾಗೆ ಕುಂತು ಯಾರೋ ಟೈಮ್ ಸರಿ ಮಾಡ್ಯಾರೆ. ಅದಕ್ಕೇ ವಿಂಡೋಸ್ ಐದೂವರೆ ಗಂಟೆ ಹಿಂದೆ ಬಿದ್ದೈತೆ."

ಖಾಲಿಯೆನ್ನಲಾಗಿದ್ದ ಭಾಗದಲ್ಲಿ ಹದಿನೆಂಟು ಕಡತಗಳೂ ಇದ್ದವು. ಹೆಚ್ಚಾಗಿದ್ದ ಐದೂವರೆ ಗಂಟೆ ಕಳೆದರೆ, ಅವು ಅಲ್ಲಿಗೆ ಬಂದದ್ದು ಭಾನುವಾರ ಬೆಳಿಗ್ಗೆ 11.12ಕ್ಕೆ.

ಮಂಗಳವಾರ 10.30ಕ್ಕೆ ಪಾಲಯ್ಯ ಠಾಣೆಗೆ ಬಂದ. ನಲವತ್ತೈದರ ವಯಸ್ಸು, ಇಸ್ತ್ರಿಯಾದ ಅಂಗಿ.

"ಕುಂತ್ಕಳ್ರಿ. ಲಿನಕ್ಸ್ ಹಾಕಿದ್ದು ಯಾರು?"

"ನಾನೇ. ದನಿ ಶುದ್ಧ ಮಾಡಾಕೆ. ವರ್ಷದಿಂದ ಮುಟ್ಟಿಲ್ಲ."

"ಭಾನುವಾರ ಟೈಮ್ ಯಾಕೆ ಸರಿ ಮಾಡಿದ್ರಿ?"



"ತಪ್ಪಿತ್ತು. ಬೆಳಿಗ್ಗೆ ಹನ್ನೊಂದೂಕಾಲಿಗೇ ಸಂಜಿ ನಾಕೂಮುಕ್ಕಾಲು ತೋರಿಸ್ತಿತ್ತು. ಹದಿನೈದು ವರ್ಷದಿಂದ ಒಂದೊಂದು ಹಾಡಿಗೂ ವೇಳೆ ಬರೆಯೋನು ನಾನು. ತಪ್ಪು ವೇಳೆ ಬಿಟ್ಟು ಏಳಾಕೆ ಆಗ್ಲಿಲ್ಲ."

"ಅಳಿಸಬೌದಿತ್ತು."

"ನಮ್ಮವ್ವನ ದನಿ ಸಾರ್ ಅದು."

"ಮತ್ತೆ ಬಚ್ಚಿಟ್ಟಿದ್ದು?"

"ನಮ್ಮ ಮನೆತನದಾಗ ಹೋದೋರ ದನಿನ ವರ್ಷದ ಎಡೆ ಆಗೋ ತನ್ಕ ಎಬ್ಬಿಸಬಾರದು. ಹೋಗೋ ದಾರ್ಯಾಗೆ ತಿರುಗಿ ನೋಡ್ತಾರೆ ಅಂತ. ಸಭೆ ಮುಂದಕ್ಕೆ ಹಾಕ್ರಿ ಅಂತ ಮೂರು ಸಲ ಕೇಳ್ದೆ. ಮೇಡಂ ನಕ್ಕರು. ಮೇ ಕಳೆದ್ಮೇಲೆ ಮೊದ್ಲಿದ್ದ ಜಾಗಕ್ಕೇ ತಿರುಗಿ ಇಡ್ತಿದ್ದೆ."

ಪಕ್ಕದ ಬೆಂಚಿನಲ್ಲಿದ್ದ ರಮ್ಯಾ ಸೆರಗಿನ ಅಂಚನ್ನು ಮಡಿಚುತ್ತಿದ್ದರು. "ನಕ್ಕಿದ್ದು ಹೌದು," ಎಂದರು, ಯಾರೂ ಕೇಳದಿದ್ದರೂ.

11.50ಕ್ಕೆ ದಸ್ತಗಿರಿ ದಾಖಲಾಯಿತು. ಜಾಮೀನಿಗೆ ಅರ್ಹವಾದ ಅಪರಾಧ. ಬಾಂಡಿಗೆ ಸಹಿ ಪಡೆದು ಠಾಣೆಯಿಂದಲೇ ಬಿಡಬಹುದಿತ್ತು. ಕಡತಗಳ ಗುರುತಿನ ಪಂಚನಾಮೆಯೊಂದು ಬಾಕಿಯಿತ್ತು. ಚಿತ್ರದುರ್ಗದಿಂದ ಪ್ರತಿ ತಂದಿದ್ದ ನಿರಂಜನ್ ಸ್ಪೀಕರಿನ ತಂತಿ ಸಿಕ್ಕಿಸಿದ. ಪಾಲಯ್ಯ ಎದ್ದು, ಗೋಡೆಯ ಕಡೆ ಮುಖಮಾಡಿ ನಿಂತ.

"ತಂತಿ ತಗಿ," ಎಂದರು ಪ್ರಸನ್ನಕುಮಾರ್. "ಮೇಡಂ, ಕೇಳಿಸದೆ ಗುರುತು ಹಿಡಿಯೋಕೆ ಏನಾದ್ರೂ ಐತಾ?"

ರಮ್ಯಾ ಚೀಲದಿಂದ ಭಂಡಾರದ ವಹಿಯನ್ನು ತೆಗೆದರು. ಪ್ರತಿ ಹಾಡಿನ ಎದುರಿಗೂ ಅದರ ಹ್ಯಾಶ್ ಸಂಖ್ಯೆ ಮುದ್ರಿತವಾಗಿತ್ತು; ಕಡತ ಕಿಂಚಿತ್ ಬದಲಾದರೂ ಆ ಸಂಖ್ಯೆ ಹೊಂದುವುದಿಲ್ಲ. ಹದಿನೆಂಟನ್ನೂ ಒಂದೊಂದೇ ಅಕ್ಷರವಾಗಿ ತಾಳೆ ನೋಡಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ರಮ್ಯಾ ಓದಿದರು, ನಿರಂಜನ್ ಹೂಂಗುಟ್ಟಿದ. ಎಲ್ಲವೂ ಹೊಂದಿದವು.

ಅನುಸೂಯ ಕೊನೆಯ ಸಾಲನ್ನು ಬರೆದು ಪಂಚರ ಸಹಿ ಪಡೆದರು: ಸದರಿ ಕಡತಗಳನ್ನು ಸಂಖ್ಯೆಯಿಂದ ಮಾತ್ರ ಗುರುತಿಸಲಾಗಿದ್ದು, ಯಾವುದನ್ನೂ ನುಡಿಸಿ ಕೇಳಿರುವುದಿಲ್ಲ.