ಕೋಡುಬಳೆ ಬೆಕ್ಕು ಹುಡುಕಿದ್ದು

ಕೋಡುಬಳೆ ಇಸ್ತ್ರಿ ಗಾಡಿಯ ಮುಂದೆ ಕೂತೇಬಿಟ್ಟಿತು. ಬೆನ್ನು ನೆಟ್ಟಗೆ, ಕಿವಿಯೂ ನೆಟ್ಟಗೆ. ‘ಸಿಕ್ಕಿತು, ಬಿಸ್ಕತ್ತು ಕೊಡು’ ಅನ್ನುವ ಹಾಗೆ ತೇಜಶ್ರೀಯ ಮುಖ ನೋಡಿತು.

“ಏನು ಪುಟ್ಟಿ, ನಾನೇನು ಬೆಕ್ಕಾ?” ಅಂತ ಇಸ್ತ್ರಿ ನಂಜಪ್ಪ ಪೆಟ್ಟಿಗೆ ಪಕ್ಕಕ್ಕಿಟ್ಟು ನಕ್ಕರು. ಗಾಂಧಿ ಬಜಾರಿನಿಂದ ತರಕಾರಿ ಚೀಲ ಹಿಡಿದು ಬರುತ್ತಿದ್ದ ಇಬ್ಬರು ಹೆಂಗಸರೂ ನಿಂತು ನಕ್ಕರು.

ತೇಜಶ್ರೀ ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಇದ್ದಿಲ ಮೂಟೆ ಬಿಟ್ಟರೆ ಏನೂ ಇರಲಿಲ್ಲ. ಬಟ್ಟೆ ಗಂಟುಗಳ ಸಂದಿಯಲ್ಲೂ ಹುಡುಕಿದಳು. ಬೆಕ್ಕಿರಲಿ, ಬೆಕ್ಕಿನ ಮೀಸೆಯೂ ಇಲ್ಲ. ಅವಳ ಮುಖ ಸಪ್ಪಗಾಯಿತು.

ಕೋಡುಬಳೆ ಅಂದರೆ ತಿನ್ನುವ ಕೋಡುಬಳೆಯಲ್ಲ, ತೇಜಶ್ರೀ ಸಾಕಿದ ಬೀದಿನಾಯಿ. ಅದರ ಬಾಲ ಸುತ್ತಿಕೊಂಡಿರುವ ಚಂದ ನೋಡಿದರೆ ನೀವೂ ಅದೇ ಹೆಸರು ಇಡುತ್ತಿದ್ದಿರಿ. ಅವಳ ಅನಿಲ್ ಮಾವನಿಗೆ ಪೊಲೀಸ್ ನಾಯಿಗಳನ್ನು ಪಳಗಿಸುವ ಕೆಲಸ. “ಮಾವ, ಇದಕ್ಕೂ ಕಳ್ಳರನ್ನ ಹಿಡಿಯೋದು ಕಲಿಸಿ” ಅಂತ ಅವಳು ಗಂಟು ಬಿದ್ದಿದ್ದಳು.

“ನಿಮ್ಮ ಬೀದೀಲಿ ಕಳ್ಳರೆಲ್ಲಿದ್ದಾರೆ? ಕಳೆದುಹೋಗೋ ಬೆಕ್ಕುಗಳೇ ಜಾಸ್ತಿ. ಅದನ್ನೇ ಕಲಿಸೋಣ,” ಅಂದಿದ್ದರು ಮಾವ.

ಬೇಸಿಗೆ ರಜೆಯಲ್ಲಿ ಪಾಠ ಶುರುವಾಯಿತು. ಹೂವಿನ ಮುನಿಯಕ್ಕನ ಬೆಕ್ಕು ಮಲಗುವ ಗೋಣಿತಾಟನ್ನು ಮೂಸಲು ಕೊಡುವುದು, ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಎಲ್ಲಾದರೂ ಬಚ್ಚಿಡುವುದು. ಕೋಡುಬಳೆ ಬೊಗಳಿದರೆ ಏನೂ ಸಿಗುತ್ತಿರಲಿಲ್ಲ. ಬುಟ್ಟಿಯನ್ನು ಪರಚಿದರೆ ಬೈಗುಳ. ತೆಪ್ಪಗೆ ಬುಟ್ಟಿಯ ಮುಂದೆ ಕೂತರೆ ಮಾತ್ರ ಗ್ಲೂಕೋಸ್ ಬಿಸ್ಕತ್ತು. ಮೊದಮೊದಲು ಅದು ಬೆಕ್ಕು ಬಿಟ್ಟು ಮಾವನ ಜೇಬನ್ನೇ ಹುಡುಕುತ್ತಿತ್ತು. ದಸರಾ ಹೊತ್ತಿಗೆ ಮಹಡಿಯ ನೀರಿನ ಟ್ಯಾಂಕಿನ ಹಿಂದೆ ಬುಟ್ಟಿ ಇಟ್ಟರೂ ಹೋಗಿ ಕೂರುವಷ್ಟು ಜಾಣತನ ಅದಕ್ಕೆ ಬಂದಿತ್ತು.

ಇವತ್ತು ಅದರ ಮೊದಲ ನಿಜವಾದ ಕೆಲಸ. ಪಕ್ಕದ ಮನೆಯ ಆಂಡಾಳ್ ಅಜ್ಜಿಯ ಬಿಳಿ ಬೆಕ್ಕು ಮೊನ್ನೆಯಿಂದ ಕಾಣೆ. ಅದು ಊರು ಸುತ್ತುವ ಬೆಕ್ಕಲ್ಲ. ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಅದಕ್ಕೆ ಹಾಲಿರಲಿ, ಕುಡಿಯಲು ನೀರೂ ಇಲ್ಲ.

ನಾಯಿ ತಪ್ಪು ಮಾಡಿದರೆ ಮೊದಲು ನೀನು ಮೂಸಲು ಕೊಟ್ಟಿದ್ದೇನು ನೋಡು ಅಂತ ಮಾವ ಹೇಳುತ್ತಿದ್ದರು. ಅವಳು ಕೈಯಲ್ಲಿದ್ದ ಬಟ್ಟೆ ನೋಡಿದಳು. ಬೆಕ್ಕು ಮಲಗುವ ಬಟ್ಟೆ ಅಂತ ಅಜ್ಜಿಯೇ ಕೊಟ್ಟಿದ್ದು. ಅಂಚಿಗೆ ಅಂಚು ಸೇರಿಸಿ ಮಡಿಸಿತ್ತು, ಗರಿಗರಿಯಾಗಿತ್ತು. ಮೂಗಿಗೆ ಹಿಡಿದಳು. ಬರೀ ಸೋಪಿನ ವಾಸನೆ!

“ಅಂಕಲ್, ಇದನ್ನ ನೀವು ಇಸ್ತ್ರಿ ಮಾಡಿದ್ರಾ?”

“ಹೂಂ ಕಣಮ್ಮ, ಬೆಳಿಗ್ಗೆ ಅಜ್ಜಿ ಕಳಿಸಿದ್ರು. ಹಳೇ ಚಿಂದಿಗೆ ಯಾಕಪ್ಪಾ ಇಸ್ತ್ರಿ ಅಂತ ನಾನೂ ಅಂದ್ಕೊಂಡೆ.”

ತೇಜಶ್ರೀಗೆ ನಗು ತಡೆಯಲಾಗಲಿಲ್ಲ. ಪಾಪ, ಕೋಡುಬಳೆ ಫೇಲಾಗಿರಲಿಲ್ಲ! ಕೊಟ್ಟ ವಾಸನೆಯನ್ನು ಸರಿಯಾಗಿಯೇ ಹುಡುಕಿತ್ತು. ಅದಕ್ಕೊಂದು ಬಿಸ್ಕತ್ತು ಕೊಟ್ಟು, ಅಜ್ಜಿಯ ಹಿತ್ತಲಿಗೆ ಓಡಿದಳು.

“ಅಜ್ಜೀ, ಬಟ್ಟೆ ಒಗೆದುಬಿಟ್ರಾ?”

“ಮತ್ತೆ? ಬೇರೆಯವರ ಮನೆ ಮಗು ಕೈಗೆ ಗಲೀಜು ಬಟ್ಟೆ ಕೊಡ್ತಾರೇನೇ? ಒಗೆದು, ನೀಲಿ ಅದ್ದಿ, ಇಸ್ತ್ರಿ ಮಾಡಿಸಿ ಕೊಟ್ಟಿದೀನಿ.”

“ಅಯ್ಯೋ, ಗಲೀಜೇ ಬೇಕು ಅಜ್ಜಿ! ಬೆಕ್ಕಿನ ವಾಸನೆ ಇರೋದು ಇನ್ನೇನಾದ್ರೂ ಇದ್ಯಾ?”

“ಇನ್ನೇನಿರುತ್ತೆ? ನಮ್ಮದು ಮಡಿ ಮನೆ. ಬೆಕ್ಕು ಹಿತ್ತಲಲ್ಲೇ ಇರೋದು, ಹೊಸ್ತಿಲು ದಾಟೋ ಹಾಗಿಲ್ಲ.”

ಅಷ್ಟರಲ್ಲಿ ಕೋಡುಬಳೆ ಗಾಳಿ ಮೂಸುತ್ತಾ ಮೆಟ್ಟಿಲ ಹತ್ತಿರ ಬಂತು. “ದೂರ, ದೂರ!” ಅಂತ ಅಜ್ಜಿ ಕಾಲೆತ್ತಿ ಹಿಂದೆ ಸರಿದರು. ಕೋಡುಬಳೆ ಮುಟ್ಟಲಿಲ್ಲ. ಅಜ್ಜಿಯ ಎದುರಿಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿತು.

ತೇಜಶ್ರೀ ಅಜ್ಜಿಯನ್ನು ನೋಡಿದಳು. ಅವರು ಹೊದ್ದಿದ್ದ ಮೆರೂನ್ ಶಾಲಿನ ತುಂಬಾ ಬಿಳಿ ಕೂದಲು.

ಅಜ್ಜಿಯ ಮುಖ ಆಗ ನೋಡಬೇಕಿತ್ತು! ಒಳಗೆ ಯಾರಾದರೂ ಕೇಳಿಸಿಕೊಂಡಾರೆಂದು ತಿರುಗಿ ನೋಡಿ, ದನಿ ತಗ್ಗಿಸಿದರು.

“ರಾತ್ರಿ ಚಳಿಗೆ ಬಂದು ಶಾಲಿನೊಳಗೆ ನುಸುಳುತ್ತೆ ಕಣೇ. ಆಚೆ ತಳ್ಳೋಕೆ ಮನಸ್ಸು ಬರಲ್ಲ.” ಅವರ ಕಣ್ಣು ತುಂಬಿತು. “ಅದಿಲ್ದೆ ನಂಗೆ ನಿದ್ದೇನೇ ಹತ್ತುತ್ತಿಲ್ಲ. ಸಂಕರ್ಷಣಂಗೆ ಮಾತ್ರ ಹೇಳ್ಬೇಡ. ಬೆಕ್ಕನ್ನ ಒಳಗೆ ಬಿಡ್ಕೂಡದು ಅಂತ ಅವನಿಗೆ ತಾಕೀತು ಮಾಡಿದವಳೇ ನಾನು!”

ಸಂಕರ್ಷಣ ಅಂದರೆ ಅಜ್ಜಿಯ ಮಗ. ಬ್ಯಾಂಕಿನಲ್ಲಿ ಕೆಲಸ, ಇವತ್ತು ರಜೆ ಅಂತ ಮನೆಯಲ್ಲೇ ಇದ್ದರು.

“ಪ್ರಾಮಿಸ್ ಅಜ್ಜಿ, ಯಾರಿಗೂ ಹೇಳಲ್ಲ,” ಅಂದಳು ತೇಜಶ್ರೀ. ಶಾಲು ಇಸಿದುಕೊಂಡು ಕೋಡುಬಳೆಯ ಮೂಗಿಗೆ ಹಿಡಿದಳು. “ಹುಡುಕು!”

ಕೋಡುಬಳೆ ನೆಲಕ್ಕೆ ಮೂಗಿಟ್ಟಿತು. ಒಗೆಯುವ ಕಲ್ಲನ್ನು ಒಂದು ಸುತ್ತು ಹಾಕಿತು. ಸೀಬೆ ಮರದ ಬುಡ ಮೂಸಿತು. ಆಮೇಲೆ ಕಾಂಪೌಂಡ್ ಗೋಡೆ ಒಡೆದ ಜಾಗದಲ್ಲಿ ನುಗ್ಗಿ, ಹಿಂದಿನ ಮನೆಯ ಅಂಗಳಕ್ಕೆ ಹೋಯಿತು. ತೇಜಶ್ರೀಯೂ ನುಗ್ಗಿದಳು. ಅಜ್ಜಿ ಸೀರೆ ಎತ್ತಿ ಸಿಕ್ಕಿಸಿಕೊಂಡು ತಾವೂ ನುಗ್ಗಿದರು.

ಬೀಗ ಹಾಕಿದ ಕಾರ್ ಶೆಡ್ಡಿನ ಮುಂದೆ ಕೋಡುಬಳೆ ಕೂತಿತು. ಆ ಮನೆಯವರು ಮದುವೆಗೆ ಅಂತ ಮೊನ್ನೆಯೇ ಕಾರಿನಲ್ಲಿ ಮೈಸೂರಿಗೆ ಹೋಗಿದ್ದರು. ಬರುವುದು ಇನ್ನು ಮುಂದಿನ ವಾರ.

ಒಳಗೆ ಸದ್ದೇ ಇಲ್ಲ. ಇಸ್ತ್ರಿ ಗಾಡಿಯ ಹಾಗೆ ಇದೂ ತಪ್ಪಾಗಿದ್ದರೆ? ಸರಿಯಾಗಿದ್ದೂ ತಡವಾಗಿಬಿಟ್ಟಿದ್ದರೆ? ತೇಜಶ್ರೀ ಬಾಗಿಲಿಗೆ ಕಿವಿಯಿಟ್ಟಳು.

ಅಜ್ಜಿ ಬಾಗಿಲ ಸಂದಿಗೆ ಬಾಯಿಟ್ಟು ಕರೆದರು. “ಕಣ್ಣಮ್ಮಾ... ಎಲ್ಲಿದ್ದೀಯೇ ಕಣ್ಣಮ್ಮಾ...” ಅಜ್ಜಿ ಇಷ್ಟು ಮೆತ್ತಗೆ ಮಾತಾಡಿದ್ದನ್ನು ತೇಜಶ್ರೀ ಯಾವತ್ತೂ ಕೇಳಿರಲಿಲ್ಲ.

ಒಳಗಿನಿಂದ, ಕೂಗಿ ಕೂಗಿ ಬತ್ತಿಹೋದ ಸಣ್ಣ ದನಿ ಬಂತು. “ಮಿ...”

“ಸಂಕರ್ಷಣಾ! ಹಿಂದಿನ ಮನೆ ಬೀಗದ ಕೈ ತಗೊಂಡು ಓಡಿ ಬಾರೋ!” ಅಂತ ಅಜ್ಜಿ ಕೂಗಿದ್ದು ನಂಜಪ್ಪನ ಗಾಡಿಯವರೆಗೂ ಕೇಳಿಸಿರಬೇಕು. ಊರಿಗೆ ಹೋಗುವಾಗ ಆ ಮನೆಯವರು ಕೀ ಕೊಡುತ್ತಿದ್ದದ್ದು ಅಜ್ಜಿಯ ಮನೆಗೇ.

ಸಂಕರ್ಷಣ ಅಂಕಲ್ ಓಡಿ ಬಂದು ಬೀಗ ತೆಗೆದರು. ಧೂಳು, ಜೇಡರ ಬಲೆ ಮೆತ್ತಿಕೊಂಡ ಬೆಕ್ಕು ಹೊರಗೆ ಬಂತು. ಕೋಡುಬಳೆಯ ಮೂಗಿನ ಕೆಳಗೇ ಹಾದುಹೋಯಿತು. ಕೋಡುಬಳೆಯ ಮೈಯೆಲ್ಲ ನಡುಗುತ್ತಿತ್ತು, ಆದರೂ ಜಾಗ ಬಿಟ್ಟು ಏಳಲಿಲ್ಲ. ಬೆಕ್ಕು ಸೀದಾ ಅಜ್ಜಿಯ ತೋಳಿಗೆ ಹತ್ತಿತು. ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ, ಅಜ್ಜಿ ಅದನ್ನು ಎದೆಗೆ ಅವಚಿಕೊಂಡು ಅಲ್ಲೇ ಆ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ತೇಜಶ್ರೀ ಕೋಡುಬಳೆಯ ಕುತ್ತಿಗೆ ತಬ್ಬಿಕೊಂಡು ಕುಣಿದಳು.

ಅಜ್ಜಿ ಬೆಕ್ಕಿನ ಮುಖ ಒರೆಸುತ್ತಿದ್ದಾಗ ಸಂಕರ್ಷಣ ಅಂಕಲ್ ತೇಜಶ್ರೀಯ ಪಕ್ಕ ಬಗ್ಗಿದರು.

“ಮೂಸೋಕೆ ಏನು ಕೊಟ್ಟೆ? ಮೆರೂನ್ ಶಾಲು ತಾನೇ?”

ತೇಜಶ್ರೀ ಕೈಯಲ್ಲಿದ್ದ ಶಾಲನ್ನು ಬೆನ್ನ ಹಿಂದೆ ಸರಿಸಿದಳು. ಪ್ರಾಮಿಸ್ ಅಂದರೆ ಪ್ರಾಮಿಸ್.

“ದಿನಾ ಅಮ್ಮ ಸ್ನಾನಕ್ಕೆ ಹೋದಾಗ ಅದರ ಕೂದಲೆಲ್ಲ ಬ್ರಶ್ ಹಾಕಿ ತೆಗೆಯೋನು ನಾನೇ,” ಅಂಕಲ್ ಪಿಸುಗುಟ್ಟಿದರು. “ಬೆಕ್ಕು ಕಾಣೆಯಾದ ಮೇಲೆ ಯಾಕೋ ಬ್ರಶ್ ಮುಟ್ಟೋಕೆ ಮನಸ್ಸಾಗಲಿಲ್ಲ. ನಂಗೆ ಗೊತ್ತು ಅಂತ ಅಮ್ಮನಿಗೆ ಹೇಳ್ಬೇಡ, ಆಯ್ತಾ?”

ತೇಜಶ್ರೀ ಅಂಕಲ್ ಮುಖ ನೋಡಿದಳು. ಆಮೇಲೆ ಮೆಟ್ಟಿಲ ಮೇಲಿದ್ದ ಅಜ್ಜಿಯ ಮುಖ ನೋಡಿದಳು. ಅಜ್ಜಿ ಮಗನಿಂದ ಮುಚ್ಚಿಟ್ಟಿದ್ದನ್ನೇ ಮಗ ಅಜ್ಜಿಗೋಸ್ಕರ ಮುಚ್ಚಿಡುತ್ತಿದ್ದರು. ಹೇಳಿದರೆ ಇಬ್ಬರಿಗೂ ನಾಚಿಕೆ, ಹೇಳದಿದ್ದರೆ ಇಬ್ಬರಿಗೂ ಖುಷಿ. ಅವಳು ಮೆಲ್ಲಗೆ ತಲೆಯಾಡಿಸಿದಳು.

“ಏನೇ ಅದು ಗುಸುಗುಸು?” ಅಜ್ಜಿ ಕೇಳಿದರು.

“ಏನಿಲ್ಲ ಅಜ್ಜಿ,” ಅಂದಳು ತೇಜಶ್ರೀ. “ಶಾಲು ಧೂಳಾಗಿದೆ, ಕೊಡವಿ ಕೊಡ್ಲಾ ಅಂತ ಅಂಕಲ್ ಕೇಳ್ತಿದ್ರು. ಬೇಡ, ಇವತ್ತು ಹಾಗೇ ಇರಲಿ ಅಂದೆ.”